ಪಟ್ಟಿಯಲ್ಲಿಲ್ಲದ ಇಬ್ಬರು ಆರಂಭಿಕರು

ಚೆಸ್ಟರ್‌ಫೀಲ್ಡ್
14 ಮೇ 1989

ಪ್ರಿಯ ವೆಂಡಲ್,

ಪಟ್ಟಿ ಬಂತು. ನನ್ನ ಹೆಸರಿಲ್ಲ.

ಇದನ್ನು ಮೊದಲೇ ಬರೆದುಬಿಟ್ಟರೆ ಉಳಿದ ಹಾಳೆಯನ್ನು ನೆಮ್ಮದಿಯಿಂದ ತುಂಬಿಸಬಹುದು. ಇವತ್ತು ಭಾನುವಾರದ ಪಂದ್ಯಕ್ಕೆ ಮುಂಚೆ ಡ್ರೆಸ್ಸಿಂಗ್ ರೂಮಿನಲ್ಲಿ ರೇಡಿಯೊ ಹಾಕಿದ್ದರು. ಇಂಗ್ಲೆಂಡಿನ ಒಂದು ದಿನದ ಪಂದ್ಯಗಳಿಗೆ ಆರಿಸಿದವರ ಹೆಸರು ಓದತೊಡಗಿದ ಕೂಡಲೇ ನಮ್ಮವರಿಗೆಲ್ಲ ಒಟ್ಟಿಗೆ ಶೂ ಲೇಸು ಬಿಗಿಯುವ ಕೆಲಸ ನೆನಪಾಯಿತು. ಒಬ್ಬನೂ ತಲೆ ಎತ್ತಲಿಲ್ಲ. ಕೊನೆಗೆ ನಮ್ಮ ಸ್ಕೋರರ್ ಆರ್ನಲ್ಡ್ ತಾತನೇ ಬಾಯಿ ಬಿಟ್ಟ. "ಹೋಗ್ಲಿ ಬಿಡಪ್ಪಾ ಕ್ಲಿಫ್. ಈ ಕಡೆ ಸುದ್ದಿ ಲಂಡನ್ನಿಗೆ ಇನ್ನೂ ಕುದುರೆಗಾಡೀಲಿ ಹೋಗುತ್ತೆ." ಆ ಸಿಟ್ಟಿನಲ್ಲೇ ಹೋಗಿ ತೊಂಬತ್ತು ದಾಟಿಸಿದೆ. ಆಮೇಲೆ ಅದೇ ಸಿಟ್ಟಿನಲ್ಲಿ ಔಟಾದೆ.

ನಿನ್ನ ಜಾಗಕ್ಕೆ ಬಂದಿರುವ ಟ್ರೆವರ್ ಒಳ್ಳೆಯವನೇ. ಆದರೆ ರನ್ನಿಗೆ ಕರೆಯುವುದೆಂದರೆ "ಬಾ, ಬೇಡ, ನಿಲ್ಲು, ಅಯ್ಯೋ" ಎಲ್ಲವನ್ನೂ ಒಂದೇ ಉಸಿರಿನಲ್ಲಿ ಕೂಗುತ್ತಾನೆ. ನೀನು ಹನ್ನೊಂದು ವರ್ಷ ನನ್ನನ್ನು ಒಮ್ಮೆಯೂ ಕೂಗಿ ಕರೆದ ನೆನಪಿಲ್ಲ. ನೀನು ನನ್ನ ಕಡೆ ನೋಡುತ್ತಿದ್ದೆ, ಅಷ್ಟೆ. ನಾನು ಓಡುತ್ತಿದ್ದೆ.

ನಮ್ಮಿಬ್ಬರ ಹಣೆಬರಹ ಒಂದೇ ಕಣೋ. ಇಬ್ಬರೂ ಸೇರಿ ಅಷ್ಟೊಂದು ರನ್ನು ರಾಶಿ ಹಾಕಿದೆವು, ಇಂಗ್ಲೆಂಡ್ ತಂಡದ ಒಂದು ಟೋಪಿ ದಕ್ಕಲಿಲ್ಲ. ನಿನಗಾದರೂ ಸ್ಲಿಪ್‌ನಲ್ಲಿ ಕ್ಯಾಚು ಕೈ ಜಾರುತ್ತದೆ ಎಂಬ ನೆಪ ಇತ್ತು. ನನಗೆ ಅದೂ ಇಲ್ಲ.

ಆಟ ಬಿಟ್ಟು ನಿನ್ನೂರು ಸೇರಿ ಆರು ತಿಂಗಳಾಯಿತು. ಮನೆಯ ಚಾವಣಿ ಎದ್ದಿತೇ? ಯೂನಿಸ್ ಚೆನ್ನಾಗಿದ್ದಾಳೆಯೇ? ಡೋರೀನ್ ಕೇಳಿದಳೆಂದು ಹೇಳು.

ನಿನ್ನ
ಕ್ಲಿಫ್


ಸ್ಪೈಟ್ಸ್‌ಟೌನ್, ಬಾರ್ಬಡೋಸ್
30 ಮೇ 1989

ಪ್ರಿಯ ಕ್ಲಿಫ್,

ಚಾವಣಿ ಎದ್ದಿದೆ. ಒಂದು ಮೂಲೆಯಲ್ಲಿ ಸೋರುತ್ತದೆ. ಬಡಗಿ ಬಂದು ನೋಡಿ, ಮಳೆಯ ತಪ್ಪು ಎಂದು ಹೇಳಿ ಹೋದ.

ಯೂನಿಸ್ ಚೆನ್ನಾಗಿದ್ದಾಳೆ. ಅವಳ ಅತ್ತೆ, ನನ್ನಮ್ಮ, ನನಗಿಂತ ಗಟ್ಟಿ. ನಿನ್ನೆ ನಡುಮಧ್ಯಾಹ್ನ ಅಂಗಳದಲ್ಲಿ ನಿಂತಿದ್ದೆ. ಒಳಗಿನಿಂದ ಕೂಗಿದಳು: "ಏ ಇಂಗ್ಲಿಷ್‌ನೋನೇ, ಒಳಗೆ ಬಾರೋ, ಬಿಸಿಲಿಗೆ ಕರಗಿ ಹೋಗ್ತೀಯ!" ಇಲ್ಲಿ ನನ್ನ ಹೆಸರೇ ಅದು. ಮೀನು ಮಾರುವವಳೂ ಹಾಗೇ ಕರೆಯುತ್ತಾಳೆ. ಒಂಬತ್ತನೇ ವಯಸ್ಸಿಗೆ ಊರು ಬಿಟ್ಟು ಹೋದವನು ಹಾರುಮೀನಿನ ಮುಳ್ಳು ಬಿಡಿಸುವುದನ್ನು ಮರೆತಿದ್ದೇನೆ, ಅದಕ್ಕೆ ಎಲ್ಲರೂ ನಗುತ್ತಾರೆ.

ಕಬ್ಬಿನ ಗದ್ದೆಯ ಪಕ್ಕದ ಮೈದಾನದಲ್ಲಿ ಶನಿವಾರದ ತಂಡವೊಂದಿದೆ. ಆಡುವುದು, ಕಲಿಸುವುದು, ಹುಲ್ಲು ಕತ್ತರಿಸುವುದು, ಯಾರು ಆಡಬೇಕೆಂದು ತೀರ್ಮಾನಿಸುವುದು, ಎಲ್ಲವನ್ನೂ ನನ್ನ ತಲೆಗೇ ಕಟ್ಟಿದ್ದಾರೆ. ಎದುರು ಮನೆಯಲ್ಲಿ ಎಜರ್ಟನ್ ಎಂಬ ಒಬ್ಬನಿದ್ದಾನೆ, ಒಂದು ಕಾಲಕ್ಕೆ ಈ ದ್ವೀಪದ ಒಳ್ಳೆಯ ವಿಕೆಟ್ ಕೀಪರ್. ನಮ್ಮ ತಂಡಕ್ಕೆ ಕೀಪರ್ ಇಲ್ಲ. ಆದರೂ ಅವನನ್ನು ಯಾರೂ ಕರೆಯುವುದಿಲ್ಲ. ಅದು ಬೇರೆ ಕಥೆ.

ಪಟ್ಟಿಯ ವಿಷಯ ಬಿಡು. ಪಟ್ಟಿ ಮಾಡುವವರು ಆಟ ನೋಡುವುದು ಕಡಿಮೆ, ಚಹಾದ ಡೇರೆಯಲ್ಲಿ ಇರುವುದೇ ಹೆಚ್ಚು. ನೀನು ರನ್ನು ಮಾಡು. ತೊಂಬತ್ತರಲ್ಲಿ ಸಿಟ್ಟು ಮಾಡಿಕೊಳ್ಳಬೇಡ, ನೂರಾದ ಮೇಲೆ ಮಾಡಿಕೋ.

ವೆಂಡಲ್


ಚೆಸ್ಟರ್‌ಫೀಲ್ಡ್
2 ಜುಲೈ 1989

ಪ್ರಿಯ ವೆಂಡಲ್,

ನಿನ್ನ ಮಾತು ಕೇಳಿ ಎರಡು ನೂರು ಬಾರಿಸಿದೆ. ಒಂದು ಇಲ್ಲಿ, ಇನ್ನೊಂದು ಟಾಂಟನ್‌ನಲ್ಲಿ. ಪತ್ರಿಕೆಯವನೊಬ್ಬ "ಇವನನ್ನೇಕೆ ಕಾಣುತ್ತಿಲ್ಲ?" ಎಂದು ಬರೆದ. ಡೋರೀನ್ ಅದನ್ನು ಕತ್ತರಿಸಿ ಅಡುಗೆಮನೆಯಲ್ಲಿ ಅಂಟಿಸಿದಳು. ನಾನು ಕಿತ್ತೆ. ಮತ್ತೆ ಅಂಟಿಸಿದಳು. ಮುಂದಿನ ಪಟ್ಟಿಯೂ ಬಂತು. ಇಪ್ಪತ್ತೆರಡರ ಹುಡುಗನೊಬ್ಬ ಒಳಗೆ ಹೋದ. ನನಗೆ ಮೂವತ್ತಮೂರು.

ಒಂದು ಮಾತು ಕೇಳಬೇಕಿತ್ತು. ಚಳಿಗಾಲಕ್ಕೆ ಒಂದು ಕೆಲಸ ಬರುವ ಹಾಗಿದೆ. ದೂರದ ದೇಶ, ಬಿಸಿಲು, ಆಡುವುದೇ ಕೆಲಸ. ಸಂಬಳ ನಾನು ಕನಸಿನಲ್ಲೂ ಕಾಣದಷ್ಟು. ಹೋದ ಚಳಿಗಾಲ ಇಟ್ಟಿಗೆ ಹೊತ್ತು ಬೆನ್ನು ಹಿಡಿದುಕೊಂಡಿದ್ದು ನಿನಗೆ ಗೊತ್ತಲ್ಲ. ಹೋದರೆ ಇಲ್ಲಿ ಕೆಲವರು ಮುಖ ಗಂಟು ಹಾಕಿಕೊಳ್ಳಬಹುದು, ಆಮೇಲೆ ಆಯ್ಕೆಗೆ ತೊಂದರೆಯೂ ಆಗಬಹುದು. ಆದರೆ ಹೇಗೂ ಆರಿಸದವರ ಹೆದರಿಕೆ ಯಾಕೆ?

ಡೋರೀನ್ "ನೀನೇ ಯೋಚನೆ ಮಾಡು" ಎಂದಷ್ಟೇ ಹೇಳಿ ಪಾತ್ರೆ ತೊಳೆಯುತ್ತಾಳೆ. ಈಗಾಗಲೇ ತೊಳೆದ ಪಾತ್ರೆಗಳು. ನೀನಾಗಿದ್ದರೆ ಏನು ಮಾಡುತ್ತಿದ್ದೆ?

ಕ್ಲಿಫ್


ಸ್ಪೈಟ್ಸ್‌ಟೌನ್
16 ಜುಲೈ 1989

ಪ್ರಿಯ ಕ್ಲಿಫ್,

ಇದರಲ್ಲಿ ಕೇಳುವುದೇನಿದೆ ಮಾರಾಯ? ಹೋಗು!

ನ್ಯೂಜಿಲೆಂಡ್ ತಾನೇ? ಹೋದ ಸಲವೇ ಅಲ್ಲಿನ ಕ್ಲಬ್ಬಿನವರು ನಿನ್ನನ್ನು ವಿಚಾರಿಸಿದ್ದರು. ಅಥವಾ ಆಸ್ಟ್ರೇಲಿಯವೇ? ಎಲ್ಲಾದರೂ ಸರಿ. ಅಲ್ಲೇ ಕೂತು ಹಿಮದಲ್ಲಿ ಇಟ್ಟಿಗೆ ಹೊತ್ತರೆ ಯಾರು ನಿನ್ನ ಬೆನ್ನಿಗೆ ಎಣ್ಣೆ ತಿಕ್ಕುತ್ತಾರೆ? ಮುಖ ಗಂಟು ಹಾಕಿಕೊಳ್ಳುವವರು ಹಾಕಿಕೊಳ್ಳಲಿ. ನಿನ್ನನ್ನು ಬೇಡ ಎಂದವರ ಮುಖ ನೋಡುತ್ತಾ ಯಾಕೆ ಆಯುಷ್ಯ ಕಳೆಯುತ್ತೀಯ? ಡೋರೀನ್‌ಳನ್ನೂ ಕರೆದುಕೊಂಡು ಹೋಗು. ನಾಲ್ಕು ತಿಂಗಳು ಬಿಸಿಲು ಕಂಡರೆ ತೊಳೆದ ಪಾತ್ರೆ ತೊಳೆಯುವುದನ್ನು ಬಿಡುತ್ತಾಳೆ.

ಯೂನಿಸ್‌ಗೆ ಓದಿ ಹೇಳಿದೆ. ಅವಳೂ ಅದನ್ನೇ ಅಂದಳು. ನಮ್ಮಿಬ್ಬರ ಆಶೀರ್ವಾದ ಇದೆ ಎಂದುಕೋ.

ವೆಂಡಲ್


ಚೆಸ್ಟರ್‌ಫೀಲ್ಡ್
27 ಜುಲೈ 1989

ಪ್ರಿಯ ವೆಂಡಲ್,

ನಿನ್ನ ಕಾಗದ ಬಂತು. ಎರಡು ಸಲ ಓದಿದೆ. ನಿನ್ನಿಂದ ಆ ಮಾತು ಕೇಳಿದ್ದು ದೊಡ್ಡ ಧೈರ್ಯ. ಉಳಿದದ್ದನ್ನು ಎಲ್ಲ ಗಟ್ಟಿಯಾದ ಮೇಲೆ ಬರೆಯುತ್ತೇನೆ. ಆಟದ ನಡುವೆ ಬಿಡುವಿಲ್ಲ.

ಕ್ಲಿಫ್


ಸ್ಪೈಟ್ಸ್‌ಟೌನ್
4 ಆಗಸ್ಟ್ 1989

ಕ್ಲಿಫ್,

ನಿನ್ನೆ ರೇಡಿಯೊದಲ್ಲಿ ಕೇಳಿದೆ. ಇವತ್ತು ಪತ್ರಿಕೆಯಲ್ಲೂ ಬಂದಿದೆ. ಇಂಗ್ಲೆಂಡಿನಿಂದ ಕೆಲವರು ದಕ್ಷಿಣ ಆಫ್ರಿಕಾಕ್ಕೆ ಆಡಲು ಹೋಗುತ್ತಾರಂತೆ. ಕರಿಯರನ್ನು ಬೇರೆ ಇಡುತ್ತಾರೆಂದು ಜಗತ್ತೆಲ್ಲ ಬಾಗಿಲು ಹಾಕಿರುವ ಆ ದೇಶಕ್ಕೆ. ಇನ್ನೂ ಕೆಲವರೊಂದಿಗೆ ಮಾತುಕತೆ ನಡೆದಿದೆಯಂತೆ. ಆ ಕೆಲವರಲ್ಲಿ ನಿನ್ನ ಹೆಸರಿದೆ.

ಅಮ್ಮ ಕೇಳಿದಳು: "ಇವನು ನಮ್ಮ ಕ್ಲಿಫೇನಾ? ನಮ್ಮನೇಲಿ ಕೂತು ಅನ್ನ-ಬಟಾಣಿ ಎರಡು ಸಲ ಹಾಕಿಸ್ಕೊಂಡು ತಿಂದೋನು?" ಬೇರೆ ಯಾರೋ ಇರಬೇಕು ಎಂದೆ.

ತಿಳಿಯದೆ ಆಶೀರ್ವಾದ ಮಾಡಿದ್ದೆ. ಅದನ್ನು ವಾಪಸು ತೆಗೆದುಕೊಂಡಿದ್ದೇನೆ.

ವೆಂಡಲ್ ಆಲೀನ್


ಚೆಸ್ಟರ್‌ಫೀಲ್ಡ್
15 ಆಗಸ್ಟ್ 1989

ವೆಂಡಲ್,

ಹನ್ನೊಂದು ವರ್ಷ ಜೊತೆಗೆ ಆಡಿದವನಿಗೆ ಪೂರ್ತಿ ಹೆಸರು ಹಾಕಿ ಸಹಿ ಮಾಡಿದ್ದೀಯ. ಬ್ಯಾಂಕಿನವರೂ ಹಾಗೆ ಬರೆಯುವುದಿಲ್ಲ.

ನಾನಿನ್ನೂ ಸಹಿ ಹಾಕಿಲ್ಲ. ಅವರ ತಂಡದಿಂದ ಇಬ್ಬರು ಹಿಂದೆ ಸರಿದರು. ಆ ಜಾಗಕ್ಕೆ ನನ್ನನ್ನು ಕೇಳಿದ್ದಾರೆ. ಮುಂದಿನ ತಿಂಗಳು ಮ್ಯಾಂಚೆಸ್ಟರಿನ ಹೋಟೆಲೊಂದರಲ್ಲಿ ಕೊನೆಯ ಮಾತು. ನಿನಗೆ ಮೊದಲೇ ಬಿಡಿಸಿ ಬರೆಯಲಿಲ್ಲ, ನಿಜ. ನೀನು ಏನೆನ್ನುತ್ತೀಯ ಎಂದು ಗೊತ್ತಿದ್ದರಿಂದಲೇ ಬರೆಯಲಿಲ್ಲ.

ಈಗ ನನ್ನ ಮಾತನ್ನೂ ಕೇಳು. ಹೋದವರಿಗೆ ಐದು ವರ್ಷ ಇಂಗ್ಲೆಂಡ್ ತಂಡದಲ್ಲಿ ಜಾಗವಿಲ್ಲವಂತೆ. ನನಗೆ ಹೋಗದೆಯೂ ಹದಿಮೂರು ವರ್ಷ ಜಾಗವಿರಲಿಲ್ಲ. ಕೌಂಟಿ ತಂಡದವನ ಸಂಬಳ ಬೇಸಿಗೆಗೆ ಮುಗಿಯುತ್ತದೆ. ಇನ್ನೆರಡು ವರ್ಷಕ್ಕೆ ಕಣ್ಣು ಮಂದವಾದರೆ ಮುಂದೆ ಏನು? ಅಲ್ಲಿನ ಕಾನೂನು ನಾನು ಮಾಡಿದ್ದಲ್ಲ. ನಾನು ಬ್ಯಾಟು ಹಿಡಿದು ನಿಲ್ಲುವವನು, ಅಷ್ಟೆ.

ನನ್ನ ನೋವು ಯಾರಿಗೂ ಅರ್ಥವಾಗದಿದ್ದರೂ ನಿನಗೆ ಆಗುತ್ತದೆ ಎಂದುಕೊಂಡಿದ್ದೆ. ನಿನ್ನನ್ನೂ ಹೀಗೇ ಬಿಟ್ಟರಲ್ಲ. ಸ್ಲಿಪ್‌ನಲ್ಲಿ ಇನ್ನು ನಾಲ್ಕು ಕ್ಯಾಚು ಹಿಡಿದಿದ್ದರೆ ನೀನು ಇಂಗ್ಲೆಂಡಿಗೆ ಆಡುತ್ತಿದ್ದೆ. ಅಷ್ಟು ಸಣ್ಣ ಕಾರಣಕ್ಕೆ ಕೈಬಿಟ್ಟವರ ಪರವಾಗಿ ನೀನು ನನ್ನೊಂದಿಗೆ ಜಗಳಕ್ಕೆ ನಿಂತಿದ್ದೀಯ.

ಕ್ಲಿಫ್


ಸ್ಪೈಟ್ಸ್‌ಟೌನ್
27 ಆಗಸ್ಟ್ 1989

ಪ್ರಿಯ ಕ್ಲಿಫ್,

ನಿನ್ನ ಕಾಗದಕ್ಕೆ ಮೂರು ಉತ್ತರ ಬರೆದು ಹರಿದೆ. ಇದನ್ನು ಹರಿಯುವುದಿಲ್ಲ.

ಹನ್ನೊಂದು ವರ್ಷದಲ್ಲಿ ನೀನು ನನ್ನನ್ನು ಒಮ್ಮೆಯೂ "ನಿನ್ನನ್ನು ಯಾಕೆ ಆರಿಸಲಿಲ್ಲ?" ಎಂದು ಕೇಳಲಿಲ್ಲ. ಕಾರಣವನ್ನು ನೀನೇ ಹೇಳುತ್ತಿದ್ದೆ. ಸ್ಲಿಪ್ ಕ್ಯಾಚು. ನಾನು ಹೂಂ ಎನ್ನುತ್ತಿದ್ದೆ. ಈಗ ಕೇಳು.

ಎಂಬತ್ತೊಂದರ ಆಗಸ್ಟಿನಲ್ಲಿ ನಿಮ್ಮೂರಿನ ಪಾರ್ಕಿನ ಮೈದಾನದಲ್ಲೇ ಒಂದು ದಿನದ ಪಂದ್ಯ. ಆಯ್ಕೆದಾರರೊಬ್ಬರು ನೋಡಲು ಬಂದಿದ್ದರು. ಅವತ್ತು ಚೆಂಡು ನನಗೆ ಕುಂಬಳಕಾಯಿಯಷ್ಟು ದೊಡ್ಡದಾಗಿ ಕಾಣುತ್ತಿತ್ತು. ನೂರಾ ಹದಿನೆಂಟು ಹೊಡೆದೆ. ನೀನು ಬೇಗ ಔಟಾಗಿದ್ದೆ. ಆಟ ಮುಗಿದ ಮೇಲೆ ಡೇರೆಯಲ್ಲಿ ಆ ಮನುಷ್ಯ ಕೇಕಿನ ತಟ್ಟೆ ಹಿಡಿದುಕೊಂಡು ನನ್ನ ಹತ್ತಿರ ಬಂದರು. ಕೈ ಒರೆಸಿಕೊಂಡು ಎದ್ದು ನಿಂತೆ.

"ಭರ್ಜರಿ ಆಟ ಕಣಯ್ಯಾ. ನಿಮ್ಮೋರು ಇನ್ನೂ ನಿನ್ನನ್ನ ಕರೀಲಿಲ್ವಾ?"

"ಯಾರು ಸರ್, ನಮ್ಮೋರು?"

"ಅದೇಪ್ಪಾ, ವೆಸ್ಟ್ ಇಂಡೀಸ್‌ನೋರು. ಅವರಿಗೆ ಆಡೋದು ಬಿಟ್ಟು ಇಲ್ಲೇನ್ ಮಾಡ್ತಿದ್ದೀಯ?"

ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ನಗುತ್ತಲೇ ಹೇಳಿದರು. ಹೆಗಲು ತಟ್ಟಿದರು. ನಾನು ಡರ್ಬಿಯಲ್ಲಿ ಓದಿದವನು. ನಮ್ಮಪ್ಪ ಅದೇ ಊರಿನಲ್ಲಿ ಬಸ್ಸು ಓಡಿಸಿ, ಅದೇ ಊರಿನ ಮಣ್ಣಿನಲ್ಲಿ ಮಲಗಿದ್ದಾನೆ. ಅದನ್ನೆಲ್ಲ ಹೇಳಬೇಕು ಎನ್ನಿಸಿತು. "ಥ್ಯಾಂಕ್ ಯೂ ಸರ್" ಎಂದು ಬಂದೆ.

ಅವತ್ತು ನಿನ್ನ ಕಾರಿನಲ್ಲಿ ನನ್ನನ್ನು ಮನೆಗೆ ಬಿಟ್ಟೆ. ದಾರಿಯುದ್ದಕ್ಕೂ ನಿನಗೆ ನನಗಿಂತ ಹೆಚ್ಚು ಖುಷಿ. "ಇನ್ನು ನಿನ್ನ ಯಾರೂ ತಡೆಯೋಕಾಗಲ್ಲ ಗುರು! ಆ ಸ್ಲಿಪ್ ಕ್ಯಾಚು ಒಂದು ಸರಿ ಮಾಡ್ಕೋ, ಸಾಕು" ಎಂದೆ. ನಾನು ಕಿಟಕಿಯಾಚೆ ನೋಡಿಕೊಂಡು ಹೂಂ ಎಂದೆ. ಆ ಚಳಿಗಾಲವೆಲ್ಲ ಗೋಡೆಗೆ ಚೆಂಡು ಎಸೆದು ಕ್ಯಾಚು ಅಭ್ಯಾಸ ಮಾಡಿದೆ. ಕಾರಣ ಅದಲ್ಲ ಎಂದು ಗೊತ್ತಿದ್ದೂ ಮಾಡಿದೆ. ಕೈಯ ತಪ್ಪಾದರೆ ತಿದ್ದಿಕೊಳ್ಳಬಹುದಲ್ಲ.

ಹಾಗಾಗಿ ನಮ್ಮಿಬ್ಬರ ಹಣೆಬರಹ ಒಂದೇ ಎಂದು ಇನ್ನು ಬರೆಯಬೇಡ.

ಇನ್ನು ಎಜರ್ಟನ್ ಕಥೆ. ಎಂಬತ್ತಮೂರರಲ್ಲಿ ಇಲ್ಲಿಂದಲೂ ಒಂದು ತಂಡ ದುಡ್ಡಿಗೆ ದಕ್ಷಿಣ ಆಫ್ರಿಕಾಕ್ಕೆ ಹೋಯಿತು. ಇವನೂ ಹೋದ. ದ್ವೀಪದ ತಂಡದಲ್ಲಿ ಎರಡನೇ ಕೀಪರ್ ಆಗಿದ್ದವನು, ಎಂದೂ ಮೊದಲನೆಯವನಾಗುವಂತಿರಲಿಲ್ಲ. ಅವನೂ ನಿನ್ನ ಹಾಗೇ ಅಂದನಂತೆ: "ಹೇಗೂ ಕರೆಯಲ್ಲ, ಹೋದ್ರೇನು?" ಬಂದು ಒಳ್ಳೆಯ ಮನೆ ಕಟ್ಟಿದ. ಆ ಮನೆಯ ಜಗುಲಿಯಲ್ಲಿ ಇಬ್ಬರು ಕೂರುವ ಬೆಂಚಿದೆ. ಇನ್ನೊಬ್ಬ ಕೂತಿದ್ದನ್ನು ನಾನು ಕಂಡಿಲ್ಲ. ಹೋದವರ ಮೇಲೆ ಹಾಕಿದ್ದ ನಿಷೇಧವನ್ನು ಕ್ರಿಕೆಟ್ ಮಂಡಳಿ ಈಗ ತೆಗೆದಿದೆ. ಊರವರು ತೆಗೆದಿಲ್ಲ. ರಮ್ ಅಂಗಡಿಗೆ ಅವನು ಬಂದರೆ ಡಾಮಿನೋ ಆಡುವವರು ಕಾಯಿ ಮಗುಚಿ ಎದ್ದು ಹೋಗುತ್ತಾರೆ.

ನಿನಗೆ ಹಾಗಾಗುವುದಿಲ್ಲ. ನಿಮ್ಮೂರಿನಲ್ಲಿ ನಾಲ್ಕು ದಿನಕ್ಕೆ ಮರೆಯುತ್ತಾರೆ. ಹೋಗಬೇಡ ಎನ್ನುವ ಅಧಿಕಾರವೂ ನನಗಿಲ್ಲ. ಹೋದರೆ, ಮೊದಲ ಚೆಂಡು ಎದುರಿಸುವ ಮುಂಚೆ ಇನ್ನೊಂದು ತುದಿಯ ಕಡೆ ಒಮ್ಮೆ ನೋಡು. ಆ ದೇಶದಲ್ಲಿ ನಾನು ಹುಟ್ಟಿದ್ದರೆ ಅಲ್ಲಿ ನಿಲ್ಲಲು ಬಿಡುತ್ತಿರಲಿಲ್ಲ.

ವೆಂಡಲ್


ಚೆಸ್ಟರ್‌ಫೀಲ್ಡ್
18 ಫೆಬ್ರವರಿ 1990

ಪ್ರಿಯ ವೆಂಡಲ್,

ಆರು ತಿಂಗಳಾಗುತ್ತ ಬಂತು. ನೀನೂ ಬರೆಯಲಿಲ್ಲ. ಸರಿಯಾಗಿಯೇ ಮಾಡಿದೆ. ಬರೆಯಬೇಕಾದವನು ನಾನು.

ನಾನು ಹೋಗಲಿಲ್ಲ. ಪತ್ರಿಕೆಯಲ್ಲಿ ಅವರ ಪಂದ್ಯದ ಪಟ್ಟಿ ನೋಡಿ ನಿನಗೆ ಗೊತ್ತಾಗಿರಬಹುದು. ಈ ಚಳಿಗಾಲ ಅಂಚೆಯವನಾಗಿದ್ದೇನೆ. ಬೆಳಗಿನ ಹಿಮದಲ್ಲಿ ಬೆಟ್ಟದ ಬೀದಿಗಳನ್ನು ಹತ್ತಿ ಇಳಿಯುತ್ತೇನೆ. ಎರಡು ನಾಯಿ ಕಚ್ಚಿವೆ, ಒಂದು ಸುಮ್ಮನೆ ಹೆದರಿಸಿದೆ.

ಆ ದಿನ ಏನಾಯಿತು ಎಂದು ಬರೆಯುತ್ತೇನೆ. ನಿನ್ನ ಕಾಗದ ಬಂದಿತ್ತು. ಓದಿ, ಅರ್ಥವಾಗಲಿಲ್ಲ ಎಂದು ನನಗೇ ಹೇಳಿಕೊಂಡು, ಒಳ್ಳೆಯ ಕೋಟು ಹಾಕಿಕೊಂಡು ಮ್ಯಾಂಚೆಸ್ಟರಿಗೆ ಹೋದೆ. ಸಹಿ ಹಾಕಲೆಂದೇ ಹೋದೆ, ಸುಳ್ಳು ಹೇಳುವುದಿಲ್ಲ. ಅವರ ಪರವಾಗಿ ಬಂದಿದ್ದವನು ಬಹಳ ಒಳ್ಳೆಯ ಮಾತಿನವನು. ಊಟ ಹಾಕಿಸಿದ. ಕಾಗದ ಮುಂದಿಟ್ಟ. "ಮನೆಯೋರು ಬರಬಹುದು, ಸ್ನೇಹಿತರು ಬರಬಹುದು. ಎಲ್ಲಾ ನಮ್ಮದೇ ಖರ್ಚು" ಎಂದ. ಆಗ ನನ್ನ ಬಾಯಿಂದ ಬಂತು:

"ನನ್ನ ಹಳೇ ಜೊತೆಗಾರ ಒಬ್ಬ ಬಾರ್ಬಡೋಸ್‌ನಲ್ಲಿದ್ದಾನೆ. ಒಂದು ವಾರ ಬಂದು ನನ್ನ ಜೊತೆ ಇರಬಹುದಾ? ಅದೇ ಹೋಟ್ಲಲ್ಲಿ?"

"ಅಂದ್ರೆ, ಅವರು...?"

"ಹೂಂ. ಕರಿಯ."

"ಅಯ್ಯೋ, ಅದಕ್ಕೇನಂತೆ? ವ್ಯವಸ್ಥೆ ಇದೆ. ಅಂಥೋರಿಗೆ ಒಂದು ಪತ್ರ ಮಾಡಿಸಿ ಕೊಡ್ತೀವಿ. ಇರೋಷ್ಟು ದಿನ ಅವರೂ ಬಿಳಿಯರು ಅಂತಲೇ ಲೆಕ್ಕ."

ಕಾರು ಎಲ್ಲಿ ನಿಲ್ಲಿಸಬೇಕು ಎಂದು ತೋರಿಸುವಷ್ಟು ಸರಳವಾಗಿ ಹೇಳಿದ. ನಿನ್ನನ್ನು ನೆನೆದುಕೊಂಡೆ. ಬಿಳಿಯ ಎಂದು ಬರೆದ ಪತ್ರವನ್ನು ಜೇಬಿನಲ್ಲಿ ಇಟ್ಟುಕೊಂಡು ತಿಂಡಿಗೆ ಇಳಿದು ಬರುವ ನೀನು. ನಗು ಬಂತು. ಜೋರಾಗಿ ನಕ್ಕೆ. ಅವನೂ ನಕ್ಕ. ಆಗ ಭಯವಾಯಿತು ವೆಂಡಲ್. ನಾನು ಆ ಪತ್ರವನ್ನು ನೆನೆದು ನಗುತ್ತಿದ್ದೆ, ಅವನು ನನ್ನ ಜೊತೆ ನಗುತ್ತಿದ್ದ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ನಗು.

"ಕ್ಷಮಿಸಿ" ಎಂದು ಎದ್ದು ಬಂದೆ. ಅಷ್ಟೆ. ಭಾಷಣ ಮಾಡಲಿಲ್ಲ. ಮೇಜು ಗುದ್ದಲಿಲ್ಲ. ಮನೆಗೆ ಬಂದಾಗ ಡೋರೀನ್ ಬಾಗಿಲಲ್ಲೇ ನಿಂತಿದ್ದಳು. "ಹಾಕಿದ್ಯಾ?" ಎಂದಳು. "ಇಲ್ಲ." "ಸದ್ಯ. ಹಾಕಿದ್ರೆ ನಿನ್ನ ಜೊತೆ ಹೆಂಗೆ ಮಾತಾಡೋದು ಅಂತ ಬೆಳಿಗ್ಗೆಯಿಂದ ಅಭ್ಯಾಸ ಮಾಡ್ಕೊಂಡಿದ್ದೆ" ಎಂದು ಅಳತೊಡಗಿದಳು. ಬೇಡ ಎಂದು ಮೊದಲೇ ಯಾಕೆ ಹೇಳಲಿಲ್ಲ ಎಂದರೆ, "ನಾನ್ ಹೇಳಿ ನೀನು ಬಿಟ್ಟಿದ್ರೆ, ಸಾಯೋವರೆಗೂ ನನ್ನಿಂದಲೇ ಬಿಟ್ಟೆ ಅಂತಿದ್ದೆ" ಎಂದಳು.

ಇದನ್ನು ಅವತ್ತೇ ಬರೆಯಬಹುದಿತ್ತು. ಬರೆದರೆ ನೀನು ಬೆನ್ನು ತಟ್ಟುತ್ತೀಯ. ತಟ್ಟಿಸಿಕೊಳ್ಳುವಂಥದ್ದು ಏನಿತ್ತು? ಮುಕ್ಕಾಲುಭಾಗ ಹೋಗಿಯೇ ಬಿಟ್ಟಿದ್ದವನು ನಾನು. ಇನ್ನೊಂದು ಕಾರಣವೂ ಇದೆ. ಆ ಎಂಬತ್ತೊಂದರ ದಿನ ನೆನಪಿಸಿಕೊಳ್ಳಲು ಎಷ್ಟೋ ಪ್ರಯತ್ನಪಟ್ಟೆ. ನಿನ್ನ ಆಟ ನೆನಪಿದೆ. ಕಾರು, ದಾರಿ, ನಾನು ಆಡಿದ ಮಾತು, ಯಾವುದೂ ನೆನಪಿಲ್ಲ. ನಿನಗೆ ಪ್ರತಿ ಅಕ್ಷರ ನೆನಪಿದೆ. ನನ್ನನ್ನು ಹೆಚ್ಚು ಕಾಡಿದ್ದು ಅದೇ.

ಕ್ಲಿಫ್


ಸ್ಪೈಟ್ಸ್‌ಟೌನ್
6 ಮಾರ್ಚ್ 1990

ಪ್ರಿಯ ಕ್ಲಿಫ್,

ಬೆನ್ನು ತಟ್ಟುವುದಿಲ್ಲ. ಆದರೆ ಕಾಗದ ಓದಿದ ಮೇಲೆ ಯೂನಿಸ್ ಅಂದಳು: "ಈಗಾದ್ರೂ ಊಟ ಸರಿಯಾಗಿ ಮಾಡು. ಆಗಸ್ಟಿನಿಂದ ತಟ್ಟೆ ಮುಂದೆ ಸುಮ್ನೆ ಕೂರ್ತಿದ್ದೀಯ." ಅಷ್ಟನ್ನು ತಿಳಿದುಕೋ. ಅಮ್ಮನಿಗೂ ಹೇಳಿದೆ. "ನಂಗೊತ್ತಿತ್ತು, ಅವನು ಬೇರೆ ಯಾರೋ ಅಂತ" ಎಂದಳು.

ನಾನು ಬರೆಯದೆ ಇದ್ದುದು ಸಿಟ್ಟಿಗೆ ಎಂದುಕೊಂಡೆಯಲ್ಲವೇ? ಮೊದಲು ಸಿಟ್ಟೇ. ಆಮೇಲೆ ಹೆದರಿಕೆ. ಬರೆದರೆ ನೀನು ಉತ್ತರವನ್ನು ಅಲ್ಲಿಂದ ಬರೆದುಬಿಟ್ಟರೆ? ಅಂಚೆಚೀಟಿ ನೋಡುವುದು ಬೇಡವಾಗಿತ್ತು. ಪತ್ರಿಕೆಯನ್ನೂ ನೋಡಲಿಲ್ಲ. ಯಾರಾದರೂ ಹೇಳಲು ಬಂದರೆ ಎದ್ದು ಹೋಗುತ್ತಿದ್ದೆ.

ನಾನೂ ಒಂದು ಮಾತು ಪೂರ್ತಿ ಬರೆದಿರಲಿಲ್ಲ. ಎಜರ್ಟನ್‌ನನ್ನು ಊರವರು ಮಾತಾಡಿಸುವುದಿಲ್ಲ ಎಂದು ಬರೆದೆ. ಆ ಊರವರಲ್ಲಿ ನಾನೂ ಒಬ್ಬ. ಅವನು ಹಾದಿಯಲ್ಲಿ ಎದುರಾದರೆ ಆಚೆ ಬದಿಗೆ ದಾಟುತ್ತೇನೆ. ಇಲ್ಲಿಗೆ ಬಂದ ಹೊಸದರಲ್ಲಿ ಎಲ್ಲರೂ ನನ್ನನ್ನು ಇಂಗ್ಲಿಷ್‌ನವ ಎನ್ನುತ್ತಿದ್ದಾಗ, ಹಾಗೆ ದಾಟಿದ ದಿನ ಅಂಗಡಿಯವನು ಮೊದಲ ಸಲ ನನ್ನನ್ನು ಹೆಸರು ಹಿಡಿದು ಕರೆದ. ಅದರ ರುಚಿ ನನಗೆ ಹಿಡಿಸಿತು.

ನಾಯಿ ಕಚ್ಚಿದ್ದಕ್ಕೆ ಸೂಜಿ ಹಾಕಿಸಿಕೊಂಡೆಯಾ?

ವೆಂಡಲ್


ಚೆಸ್ಟರ್‌ಫೀಲ್ಡ್
22 ಜುಲೈ 1990

ಪ್ರಿಯ ವೆಂಡಲ್,

ಕುಳಿತುಕೊಂಡು ಓದು. ಅವರು ಕರೆದರು.

ಮೊನ್ನೆ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಫೋನು. ನಾಟಿಂಗ್‌ಹ್ಯಾಮ್‌ನಲ್ಲಿ ಒಂದು ದಿನದ ಪಂದ್ಯ, ಆರಂಭಿಕನೊಬ್ಬನ ಬೆರಳಿಗೆ ಪೆಟ್ಟು, ಕೂಡಲೇ ಬಾ. ಡೋರೀನ್ ಇಸ್ತ್ರಿ ಮಾಡಿದ್ದ ಅಂಗಿಯನ್ನೇ ಮತ್ತೆ ಇಸ್ತ್ರಿ ಮಾಡಿದಳು. ಕಾರನ್ನು ಹೇಗೆ ಓಡಿಸಿದೆನೋ ಗೊತ್ತಿಲ್ಲ. ಇಂಗ್ಲೆಂಡಿನವರ ಡ್ರೆಸ್ಸಿಂಗ್ ರೂಮಿನಲ್ಲಿ ನನ್ನ ಕಿಟ್ಟು ಇಡಲು ಒಂದು ಮೂಲೆ ಕೊಟ್ಟರು. ನೆಟ್ಸ್‌ನಲ್ಲಿ ಅವರ ವೇಗಿಗಳು ಎಸೆದರು. ಒಂದೆರಡು ಕವರ್ ಡ್ರೈವ್ ಬ್ಯಾಟಿನ ನಡುವಿಗೇ ಕೂತವು. ಯಾರೋ "ಭೇಷ್" ಎಂದರು.

ಅಷ್ಟರಲ್ಲಿ ಆ ಆರಂಭಿಕ ಬೆರಳು ಮಡಚಿ ಬಿಚ್ಚಿ, "ಆಡ್ತೀನಿ" ಎಂದ. ಮ್ಯಾನೇಜರು ನನ್ನ ಹತ್ತಿರ ಬಂದು, "ತೊಂದ್ರೆ ಕೊಟ್ವಿ ಕ್ಲಿಫ್. ಊಟ ಮಾಡ್ಕೊಂಡೇ ಹೋಗು" ಎಂದರು.

ಊಟ ಮಾಡಿದೆ. ಬಾಲ್ಕನಿಯಲ್ಲಿ ಕೂತು ಆಟವನ್ನೂ ನೋಡಿದೆ. ಈಗ ಬರೆಯುವುದನ್ನು ನಿನಗೆ ಮಾತ್ರ ಬರೆಯಬಲ್ಲೆ. ಆ ಹುಡುಗ, ಬೆರಳಿಗೆ ಬಟ್ಟೆ ಸುತ್ತಿಕೊಂಡವನು, ನನಗಿಂತ ಚೆನ್ನಾಗಿ ಆಡಿದ. ನಾನು ಬಿಡುವ ಚೆಂಡನ್ನು ಅವನು ಹೊಡೆಯುತ್ತಿದ್ದ. ನಾನು ಹೊಡೆಯುವ ಚೆಂಡಿಗೆ ಅವನಿಗೆ ಇನ್ನೂ ಎರಡು ದಾರಿಗಳಿದ್ದವು. ಹದಿನಾಲ್ಕು ವರ್ಷ ರೇಡಿಯೊದ ಮುಂದೆ ಕೂತು, ನನಗೆ ಅನ್ಯಾಯವಾಯಿತು ಎಂದು ನಂಬಿದ್ದೆ. ಬಹುಶಃ ಆಗಿಲ್ಲ. ನಾನು ಒಳ್ಳೆಯ ಕೌಂಟಿ ಬ್ಯಾಟ್ಸ್‌ಮನ್. ಅಷ್ಟೇ ಆಗಿದ್ದೆ.

ಆದರೆ ನೀನು ಅಷ್ಟೇ ಆಗಿರಲಿಲ್ಲ. ಇನ್ನೊಂದು ತುದಿಯಲ್ಲಿ ನಿಂತು ನಾನು ನೋಡಿದ್ದೇನೆ. ಆ ಹುಡುಗನಿಗಿದ್ದ ಎರಡು ದಾರಿಗಳ ಜೊತೆ ನಿನಗೆ ಇನ್ನೊಂದಿತ್ತು. ನನ್ನನ್ನು ಬಿಟ್ಟದ್ದು, ನಿನ್ನನ್ನು ಬಿಟ್ಟದ್ದು ಎರಡನ್ನೂ ಒಂದೇ ತಕ್ಕಡಿಗೆ ಹಾಕಿ ಇಷ್ಟು ವರ್ಷ ಸಂಕಟಪಟ್ಟೆ. ನಿನ್ನ ಸಂಕಟದಲ್ಲಿ ಪಾಲು ಕೇಳಿದೆ. ಅದು ನನ್ನದಾಗಿರಲಿಲ್ಲ.

ಮನೆಗೆ ಬರುವ ದಾರಿಯಲ್ಲಿ ಕಾರು ನಿಲ್ಲಿಸಿದೆ. ಅಳು ಬರಬಹುದು ಎಂದುಕೊಂಡೆ. ಹಸಿವಾಯಿತು.

ನಿನ್ನೆ ಕೌಂಟಿಯ ಕಾರ್ಯದರ್ಶಿ ಕರೆದು ಹೇಳಿದರು. ಸೆಪ್ಟೆಂಬರ್ ನಂತರ ನನ್ನ ಕರಾರು ಮುಂದುವರಿಯುವುದಿಲ್ಲ. ಹುಡುಗರಿಗೆ ಜಾಗ ಬೇಕು. ಡೋರೀನ್ ಈ ಸಲ ಪಾತ್ರೆ ತೊಳೆಯಲಿಲ್ಲ, ನನ್ನ ಪಕ್ಕದಲ್ಲಿ ಕೂತಳು. ಅಂಚೆಯವರು ಖಾಯಂ ಕೆಲಸ ಕೊಡುತ್ತಾರಂತೆ, ಹೊಸ ವರ್ಷದಿಂದ. ಅಲ್ಲಿಯವರೆಗೆ ಏನು ಮಾಡಬೇಕೋ ತೋಚುತ್ತಿಲ್ಲ.

ಕ್ಲಿಫ್


ಸ್ಪೈಟ್ಸ್‌ಟೌನ್
2 ಸೆಪ್ಟೆಂಬರ್ 1990

ಪ್ರಿಯ ಕ್ಲಿಫ್,

ನಿನ್ನ ಕಾಗದಕ್ಕೆ ಉತ್ತರ ತಡವಾಯಿತು. ಮೊದಲು ಒಂದು ಕೆಲಸ ಮಾಡಬೇಕಿತ್ತು.

ನನ್ನ ಆಟದ ಬಗ್ಗೆ ನೀನು ಬರೆದದ್ದನ್ನು ಯೂನಿಸ್‌ಗೆ ಓದಿ ಹೇಳಲಾಗಲಿಲ್ಲ. ಅವಳೇ ತೆಗೆದುಕೊಂಡು ಓದಿದಳು. ನಿನ್ನ ಆಟದ ಬಗ್ಗೆ ಬರೆದದ್ದು ಮುಕ್ಕಾಲು ಸುಳ್ಳು. ಉಳಿದ ಕಾಲು ನಿಜವಿರಬಹುದು, ಅದನ್ನು ಎದುರಿಗೆ ಕೂತು ಜಗಳವಾಡೋಣ.

ನಾನು ಎಜರ್ಟನ್ ಮನೆಗೆ ಹೋಗಿದ್ದೆ. ಹೋಟೆಲಿನ ಮೇಜಿನಿಂದ ನೀನು ಎದ್ದು ಬಂದೆ, ಅವನು ಏಳಲಿಲ್ಲ. ನೀನು ಎದ್ದದ್ದಕ್ಕೆ ನನಗೆ ನಿನ್ನ ಸ್ನೇಹ ಉಳಿಯಿತು. ಏಳದಿದ್ದರೆ? ಈ ಪ್ರಶ್ನೆ ಮಾರ್ಚಿನಿಂದ ತಲೆಯಲ್ಲಿತ್ತು. ಕೊನೆಗೆ ರಸ್ತೆ ದಾಟಿ ಬಾಗಿಲು ಬಡಿದೆ.

"ಯಾರದು?"

"ಎದುರು ಮನೆ ವೆಂಡಲ್."

ಒಳಗೆ ಅಗುಳಿ ಸರಿಯಿತು. ಆಮೇಲೆ ಬಾಗಿಲು ಒಂದು ಗೇಣು ತೆರೆಯಿತು. "ಏನಾಗ್ಬೇಕಿತ್ತು?"

"ಶನಿವಾರಕ್ಕೆ ಕೀಪರ್ ಬೇಕಿತ್ತು."

"ಕುಡಿದಿದ್ದೀಯಾ?"

"ಇಲ್ಲ."

"ನೋಡು, ತಪ್ಪಾಯ್ತು ಅಂತ ನನ್ ಬಾಯಲ್ಲಿ ಹೇಳಿಸೋಕೆ ಬಂದಿದ್ರೆ, ಹೇಳಿ ಹೇಳಿ ಸಾಕಾಗಿದೆ. ಚರ್ಚಲ್ಲಿ ಹೇಳಿದ್ದೀನಿ, ಗೋಡೆಗೂ ಹೇಳಿದ್ದೀನಿ."

"ತಪ್ಪೇ ಅದು. ಸರಿ ಅನ್ನೋಕೆ ನಾನೂ ಬಂದಿಲ್ಲ. ಶನಿವಾರ ಒಂದು ಗಂಟೆಗೆ ಆಟ ಶುರು."

ಬಂದ. ಗ್ಲೌಸು ಒಣಗಿ ಹಪ್ಪಳವಾಗಿದ್ದವು. ಅವನನ್ನು ಕಂಡ ಕೂಡಲೇ ನಮ್ಮ ಇಬ್ಬರು ಆರಂಭಿಕರು ಚೀಲ ಹೆಗಲಿಗೆ ಹಾಕಿಕೊಂಡರು. "ಅವನಿದ್ರೆ ನಾವಿಲ್ಲ, ಸ್ಕಿಪ್ಪರ್" ಎಂದರು. ಅವರನ್ನು ತಡೆಯಲಿಲ್ಲ. ಅವರ ಮೇಲೆ ಸಿಟ್ಟೂ ಇಲ್ಲ. ಅವರದ್ದು ತಪ್ಪೆಂದು ಹೇಳಲು ನನ್ನಿಂದ ಆಗುವುದಿಲ್ಲ. ಮಾಡಿದ್ದು ಸರಿಯೋ ಅಲ್ಲವೋ, ಈಗಲೂ ಗೊತ್ತಿಲ್ಲ. ಒಂಬತ್ತು ಜನರೇ ಇಳಿದೆವು.

ಮೊದಮೊದಲು ಅವನ ಕೈಗೆ ಬಂದ ಚೆಂಡೆಲ್ಲ ಬಿದ್ದವು. ಯಾರೂ ಅವನಿಗೆ ಚೆಂಡು ಎಸೆಯುತ್ತಿರಲಿಲ್ಲ, ಉರುಳಿಸುತ್ತಿದ್ದರು. ಆಮೇಲೆ ನನ್ನ ನಿಧಾನದ ಚೆಂಡಿಗೆ ಅವರ ದೊಡ್ಡ ಹೊಡೆತಗಾರ ಒಂದು ಹೆಜ್ಜೆ ಮುಂದೆ ಬಂದ. ಕಣ್ಣು ಮಿಟುಕಿಸುವಷ್ಟರಲ್ಲಿ ಬೇಲ್ಸ್ ಹಾರಿದ್ದವು. ಸ್ಟಂಪ್ ಔಟ್. ಅಂಥದ್ದನ್ನು ನೀನೂ ನಾನೂ ಕೌಂಟಿಯಲ್ಲಿ ವರ್ಷಕ್ಕೆ ಒಂದು ನೋಡಿದ್ದರೆ ಹೆಚ್ಚು. ಮೈದಾನದಲ್ಲಿ ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ, ಅಂಪೈರ್‌ಗೆ ಮನವಿಯನ್ನೂ ಮಾಡಲಿಲ್ಲ. ನಾನೂ ಮಾಡಲಿಲ್ಲ, ಕೇಳದೆ ಅಂಪೈರ್ ಔಟ್ ಕೊಡುವಂತಿಲ್ಲ. ಆಗ ಮರದ ನೆರಳಿನಿಂದ ಅಮ್ಮನ ಗಂಟಲು: "ಔಟ್ ಕಣ್ರೋ ಅದು! ಕೇಳ್ರೋ ಯಾರಾದ್ರೂ! ಬಾಯಲ್ಲೇನು ಕಬ್ಬು ತುರುಕ್ಕೊಂಡಿದ್ದೀರಾ?" ಒಬ್ಬ ಕೇಳಿದ. ಅಂಪೈರ್ ಬೆರಳು ಎತ್ತಿದ.

ಸೋತೆವು, ಹೀನಾಯವಾಗಿ. ಎಜರ್ಟನ್ ಗ್ಲೌಸು ಮಡಚಿ ಕಂಕುಳಲ್ಲಿಟ್ಟುಕೊಂಡು ಹೊರಟವನು ತಿರುಗಿ ನಿಂತ. "ಮುಂದಿನ ಶನಿವಾರಾನೂ ಒಂದು ಗಂಟೆಗೇನಾ?" ಎಂದ. ಹೂಂ ಎಂದೆ.

ಹೋದ ಇಬ್ಬರು ಮರಳಿ ಬರುವ ಲಕ್ಷಣವಿಲ್ಲ. ಇಲ್ಲಿನ ಆಯ್ಕೆ ಸಮಿತಿಯಲ್ಲಿ ಇರುವುದು ನಾನೊಬ್ಬನೇ, ಮತ್ತು ನಾನು ಚಹಾ ಕುಡಿಯುತ್ತಾ ಕೂರುವವನಲ್ಲ. ಅಕ್ಟೋಬರ್ ಮೊದಲ ಶನಿವಾರಕ್ಕೆ ನಿನ್ನ ಹೆಸರನ್ನು ರಮ್ ಅಂಗಡಿಯ ಬಾಗಿಲಿಗೆ ಬರೆದು ಅಂಟಿಸಿದ್ದೇನೆ. ನಿನ್ನನ್ನು ಕೇಳದೆಯೇ. ಡೋರೀನ್ ಜೊತೆ ಬಾ. ಚಾವಣಿ ಸೋರದ ಕೋಣೆ ನಿಮಗೆ.

ನೀನು ಬಂದರೂ ನಾವು ಹತ್ತೇ ಜನ. ನೆನಪಿಟ್ಟುಕೊಂಡು ಬಾ.

ವೆಂಡಲ್